ಸಮಾಜದರ್ಶನದ ಮೂರು ಮಾರ್ಗಗಳು

ಸಮಾಜದ ಸ್ವರೂಪವನ್ನು ಅರಿಯಲು ವಿದ್ವಾಂಸರು ಮಂಡಿಸಿದ ಸಿದ್ಧಾಂತಗಳಲ್ಲಿ ಎಮಿಲ್ ಡರ್ಖೈಮ್, ಕಾರ್ಲ್ ಮಾರ್ಕ್ಸ್, ಮ್ಯಾಕ್ಸ್ ವೆಬರ್ ಇವರ ಮಾರ್ಗಗಳು ಮುಖ್ಯವಾದುವು. ಸಿದ್ದರಬೆಟ್ಟದ ಉತ್ತರಕ್ಕಿರುವ ಪಾವಗಡ ತಾಲ್ಲೂಕಿನ ಒಂದು ನಿದರ್ಶನದಿಂದ ಇವುಗಳ ಭೇದವನ್ನು ತಿಳಿಯಬಹುದು.

ಅನಾವೃಷ್ಟಿಯಿಂದ ಬಳಲಿದ ತಿರುಮಣಿ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ ಸೌರವಿದ್ಯುತ್ ಸ್ಥಾವರವು ತಲೆಯೆತ್ತಿತು. 2018ರಲ್ಲಿ ಉದ್ಘಾಟನೆಗೊಂಡ ಅದು 2019ರ ಅಂತ್ಯಕ್ಕೆ 2,050 ಮೆಗಾವಾಟ್ ಸಾಮರ್ಥ್ಯವನ್ನು ಪಡೆಯಿತು. ಭೂಮಿಯನ್ನು ಕ್ರಯಕ್ಕೆ ಕೊಳ್ಳದೆ ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ರೈತರಿಗೆ ಬಾಡಿಗೆಯನ್ನು ಗೊತ್ತುಮಾಡಲಾಯಿತು.

ಡರ್ಖೈಮನ ಮಾರ್ಗವು ಸಮಾಜವನ್ನು ಒಂದು ದೇಹದಂತೆ ಭಾವಿಸುತ್ತದೆ. ಬೇಸಾಯವು ನಿಂತಾಗ ಒಕ್ಕಲಿಗನನ್ನೂ ಕೂಲಿಯವನನ್ನೂ ಕುಶಲಕರ್ಮಿಯನ್ನೂ ಬೆಸೆದಿದ್ದ ಬಂಧವು ಸಡಿಲವಾಗದೆ? ಅದರ ಸ್ಥಾನವನ್ನು ಯಾವುದು ತುಂಬೀತು? ಇದು ಅದರ ಪ್ರಶ್ನೆ. ಮಾರ್ಕ್ಸನ ಮಾರ್ಗವು ಒಡೆತನವನ್ನು ನೋಡುತ್ತದೆ: ಬಾಡಿಗೆಯು ಸಲ್ಲುವುದು ಪಹಣಿಯಲ್ಲಿ ಹೆಸರುಳ್ಳವನಿಗೆ; ಅದೇ ಹೊಲದಲ್ಲಿ ಕಳೆ ಕಿತ್ತು ಬಾಳಿದ ಭೂಹೀನನಿಗೆ ಕೂಲಿಯೂ ತಪ್ಪಿತು, ಬಾಡಿಗೆಯೂ ದಕ್ಕಲಿಲ್ಲ. ವೆಬರನಾದರೋ ಸಂಪತ್ತಿನೊಡನೆ ಅಂತಸ್ತನ್ನೂ, ಕ್ರಿಯೆಗೆ ಮನುಷ್ಯನು ಕೊಡುವ ಅರ್ಥವನ್ನೂ ಗಣಿಸಿದನು. ಉಳುವವನೆಂಬ ಅಭಿಮಾನಕ್ಕೆ ಬಾಡಿಗೆಯ ಹಣವು ಸಮನಾದೀತೇ ಎಂದು ಆ ಮಾರ್ಗವು ಕೇಳುತ್ತದೆ.

ಒಂದೇ ಮಾರ್ಗವನ್ನು ಹಿಡಿದವನಿಗೆ ಉಳಿದೆರಡರ ಸತ್ಯವು ಕಾಣದು. ಆದರೂ ಪಹಣಿಯಲ್ಲಿ ಹೆಸರಿಲ್ಲದವನ ಗತಿಯೇನೆಂಬ ಪ್ರಶ್ನೆಯಿಂದ ಪಾಠವನ್ನು ಆರಂಭಿಸುವುದು ಅಧ್ಯಾಪಕನಿಗೆ ಯುಕ್ತ. ಏಕೆಂದರೆ ಲೆಕ್ಕದ ಪುಸ್ತಕದಲ್ಲಿ ಅವನು ತಾನಾಗಿ ಕಾಣಿಸಿಕೊಳ್ಳುವುದಿಲ್ಲ.