ಉಳಿ ಹಿಡಿಯುವ ಮುನ್ನ

ಪುಟ್ಟೀ,

ಹೋದ ಭಾನುವಾರ ಬೆನ್ನಿಗೆ ಗಿಟಾರ್ ಹೊತ್ತು ಬಂದೆ. ಮೊದಲ ಸಂಬಳದಲ್ಲಿ ಕೊಂಡದ್ದು, ಸ್ಟ್ರಾಟೊಕಾಸ್ಟರ್ ಮಾದರಿ, ಹಾಲಿನಂಥ ಬಿಳುಪು. ಅದರ ಪಕ್ಕದಲ್ಲಿ ಹೊಸ ಹಂಬಕರ್ ಪಿಕಪ್ ಇಟ್ಟು, “ತಾತ, ಇದು ಈ ಗೂಡಿನೊಳಗೆ ಕೂರ್ತಾ ಇಲ್ಲ. ಸ್ವಲ್ಪ ಮರ ಕೆತ್ತಬೇಕು. ನಿಮ್ಮ ಉಳಿ ಕೊಡಿ” ಅಂದೆ. ನಾನು ಕೊಡಲಿಲ್ಲ. “ಮುಂದೆ ನೋಡೋಣ” ಅಂದುಬಿಟ್ಟೆ. ಹೊರಡುವಾಗ ನಿನ್ನ ಮುಖ ಬಾಡಿತ್ತು. ಕಾರಣ ಹೇಳದೆ ಕಳಿಸಿದೆನಲ್ಲ ಎಂದು ಅವತ್ತಿನಿಂದ ಮನಸ್ಸು ಚುಚ್ಚುತ್ತಿದೆ. ಅದಕ್ಕೇ ಈ ಕಾಗದ.

1986ರಲ್ಲಿ, ಟೂಲ್‌ರೂಮಿನಲ್ಲಿ ಜೊತೆಗಿದ್ದ ಗೆಳೆಯನೊಬ್ಬ ಇದೇ ಕೆಲಸಕ್ಕೆ ನನ್ನ ಹತ್ತಿರ ಬಂದಿದ್ದ. ಹಡಗಿನಲ್ಲಿ ಕೆಲಸಕ್ಕಿದ್ದ ಅವನ ಅಣ್ಣ ಹೊರದೇಶದಿಂದ ತಂದುಕೊಟ್ಟ ಗಿಟಾರ್ ಅದು, ನಿನ್ನದರದೇ ಮಾದರಿ. ಕಬ್ಬಿಣದಲ್ಲಿ ಕೂದಲೆಳೆಯಷ್ಟು ಅಳತೆ ತಪ್ಪದ ಕೈ ನನ್ನದು. ಮರ ಯಾವ ಲೆಕ್ಕ ಅಂದುಕೊಂಡೆ. ಉಳಿ ಇಟ್ಟು ಕೊಡತಿಯಲ್ಲಿ ಬಡಿಯುತ್ತ ಹೋದೆ. ಆ ಮಾದರಿಯ ಗಿಟಾರಿಗೆ ಬೆನ್ನಿನ ಕಡೆಯೂ ಒಂದು ಗೂಡು ಇರುತ್ತದೆ, ಟ್ರೆಮೊಲೊದ ಸ್ಪ್ರಿಂಗುಗಳು ಕೂರುವ ಜಾಗ. ಬಾಡಿಯ ಒಟ್ಟು ದಪ್ಪ ಸುಮಾರು 45 ಮಿಲಿಮೀಟರ್. ಎರಡು ಗೂಡುಗಳ ನಡುವೆ ಉಳಿಯುವ ಮರ ಒಂದು ಬೆರಳಿನ ದಪ್ಪವೂ ಇರುವುದಿಲ್ಲ. ನಾನು ತಿರುಗಿಸಿ ನೋಡಿರಲಿಲ್ಲ. ಉಳಿ ಆಚೆಗೆ ದಾಟಿತು. ಗೆಳೆಯ ಬಯ್ಯಲಿಲ್ಲ. ತೂತಿನ ಅಂಚಿನ ಮೇಲೆ ಬೆರಳಾಡಿಸಿದ, ಗಿಟಾರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಮಾತು ಆ ದಿನ ನನ್ನ ಕೈಯಲ್ಲೇ ನಿಜವಾಯಿತು.

ಅಂದಿನಿಂದ ಯಾವ ಕೆಲಸಕ್ಕೆ ಕೈಹಾಕಿದರೂ ಮೊದಲು ಕೇಳಿಕೊಳ್ಳುವುದು ಒಂದೇ: ಇದು ಕೆಟ್ಟರೆ ಮೊದಲಿನ ಹಾಗೆ ಮಾಡಲು ಬರುತ್ತದೆಯೇ? ತಿರುಪು ಬಿಗಿಯಾದರೆ ಸಡಿಲಿಸಬಹುದು. ಬೆಸುಗೆ ಕೆಟ್ಟರೆ ಕರಗಿಸಿ ಮತ್ತೆ ಹಾಕಬಹುದು. ಕೆತ್ತಿದ ಮರ, ಅರ ಹಾಕಿದ ಫ್ರೆಟ್ ಮತ್ತೆ ಬರುವುದಿಲ್ಲ. ಹಿಂದಕ್ಕೆ ಬರುವ ಕೆಲಸ ಮೊದಲು ಕಲಿ. ಬಾರದ ಕೆಲಸ ಕೊನೆಗಿಡು. ನಾನು ನಿನಗೆ ಹೇಳಬೇಕಾದ ಮಾತು ಇಷ್ಟೇ. ಮುಂದಿನದೆಲ್ಲ ಇದರ ವಿವರ.

ನಿನ್ನ ಪುಣ್ಯಕ್ಕೆ ಈ ಮಾದರಿಯ ಗಿಟಾರಿನ ಮೂಲಪುರುಷನೇ ಅದನ್ನು ಬಿಚ್ಚಿ ಜೋಡಿಸಲು ಬರುವ ಹಾಗೆ ಮಾಡಿಟ್ಟಿದ್ದಾನೆ. ಲಿಯೊ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವನು. ಗಿಟಾರಿನ ನೆಕ್ಕನ್ನು ಬಾಡಿಗೆ ಅಂಟು ಹಾಕಿ ಕೂರಿಸುವುದು ಆಗಿನ ರೂಢಿ. 1950ರಲ್ಲಿ ಅವನು ಹೊರತಂದ, ಮುಂದೆ ಟೆಲಿಕಾಸ್ಟರ್ ಎಂದು ಹೆಸರಾದ ಗಿಟಾರಿನಲ್ಲಿ ನೆಕ್ಕನ್ನು ನಾಲ್ಕು ತಿರುಪಿನಲ್ಲಿ ನಿಲ್ಲಿಸಿದ. ಸವೆದರೆ ಬಿಚ್ಚು, ಬೇರೆ ಹಾಕು. 1954ರ ಸ್ಟ್ರಾಟೊಕಾಸ್ಟರಿನಲ್ಲಿ ಪಿಕಪ್ಪು, ದನಿ ಏರಿಳಿಸುವ ಪಾಟು, ಸ್ವಿಚ್ಚು ಎಲ್ಲವನ್ನೂ ಎದುರಿನ ಒಂದೇ ಫಲಕಕ್ಕೆ ಕಟ್ಟಿದ. ಇಂಥವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನುಡಿಸುವವರ ಕೈಗೆ ಕೊಟ್ಟು, ಅವರು ಹೇಳಿದ್ದನ್ನು ಕಿವಿಗೊಟ್ಟು ಕೇಳಿ ತಿದ್ದುತ್ತಿದ್ದ. ನೀನೂ ನಿನ್ನ ಕೆಲಸವನ್ನು ನಿನಗಿಂತ ಚೆನ್ನಾಗಿ ನುಡಿಸುವವರ ಕೈಗೆ ಕೊಡು. ಅವರು ಮುಖ ಕಿವಿಚಿದರೆ ಯಾಕೆ ಅಂತ ಕೇಳು.

ಮೊದಲ ತಿಂಗಳು ಏನನ್ನೂ ಬದಲಿಸಬೇಡ. ಇರುವುದನ್ನು ಸರಿಯಾಗಿ ಹೊಂದಿಸು. ಹೊಸ ತಂತಿ ಹಾಕಿ ಶ್ರುತಿ ಮಾಡು. ಕಿಟಕಿಯ ಬೆಳಕಿಗೆ ಎದುರಾಗಿ ಕೂತು, ದಪ್ಪ ತಂತಿಯನ್ನು ಒಂದು ಕೈಯಿಂದ ಮೊದಲ ಫ್ರೆಟ್ಟಿನಲ್ಲಿ, ಇನ್ನೊಂದು ಕೈಯಿಂದ ನೆಕ್ಕು ಬಾಡಿಗೆ ಸೇರುವಲ್ಲಿ ಒತ್ತಿ ಹಿಡಿ. ಈಗ ತಂತಿಯೇ ನಿನ್ನ ಅಳತೆಪಟ್ಟಿ. ಏಳನೆಯ ಫ್ರೆಟ್ಟಿನ ಹತ್ತಿರ ಕಣ್ಣಿಡು. ತಂತಿಗೂ ಫ್ರೆಟ್ಟಿಗೂ ನಡುವೆ ಬೆಳಕಿನ ಒಂದು ಗೆರೆ ಕಾಣಬೇಕು, ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಸುಮಾರು 0.25 ಮಿಲಿಮೀಟರ್. ಗೆರೆ ಅಗಲವಾಗಿದ್ದರೆ ನೆಕ್ಕು ತಂತಿಯ ಕಡೆಗೆ ಹೆಚ್ಚು ಬಾಗಿದೆ. ಆರು ತಂತಿಗಳು ಸೇರಿ ಸುಮಾರು 40 ಕಿಲೋ ಭಾರದಷ್ಟು ಎಳೆಯುತ್ತವೆ, ಮರ ಬಾಗದೆ ಏನು ಮಾಡೀತು? ಆ ಎಳೆತಕ್ಕೆ ಎದುರು ನಿಲ್ಲಲೆಂದೇ ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿದೆ. ಅಲೆನ್ ಕೀಯಲ್ಲಿ ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ತಿರುಗಿಸಿ ರಾತ್ರಿಯಿಡೀ ಬಿಡು. ಮರಕ್ಕೆ ತನ್ನದೇ ನಿಧಾನವಿದೆ, ಬೆಳಿಗ್ಗೆ ಎದ್ದು ಮತ್ತೆ ನೋಡು. ಕೀ ಬಿಗಿಹಿಡಿದು ತಿರುಗದೆ ಹೋದರೆ ಅಲ್ಲಿಗೇ ನಿಲ್ಲಿಸು. ಸರಳು ಒಳಗೆ ತುಂಡಾದರೆ ಅದೂ ಹಿಂದಕ್ಕೆ ಬಾರದ ಕೆಲಸವೇ.

ಆಮೇಲೆ ತಂತಿಯ ಎತ್ತರ. ಹನ್ನೆರಡನೆಯ ಫ್ರೆಟ್ಟಿನಲ್ಲಿ ಒಂದೂವರೆಯಿಂದ ಎರಡು ಮಿಲಿಮೀಟರ್ ಇದ್ದರೆ ಸಾಕು. ಆಮೇಲೆ ಸ್ವರ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿದಾಗ ಬರುವ ಸ್ವರವೂ, ಒತ್ತಿ ಮೀಟಿದಾಗ ಬರುವ ಸ್ವರವೂ ಒಂದೇ ಆಗಬೇಕು. ಒತ್ತಿದಾಗ ಏರಿದರೆ ಬ್ರಿಜ್‌ನ ಸ್ಯಾಡಲನ್ನು ಹಿಂದಕ್ಕೆ ಸರಿಸು, ಇಳಿದರೆ ಮುಂದಕ್ಕೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಏನಾಯಿತು ಎಂದು ನಿನಗೆ ಗೊತ್ತಾಗುವುದಿಲ್ಲ. ಎಲ್ಲವನ್ನೂ ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆ. ಹವೆಯನ್ನೂ ಬರೆ. ಫೆಬ್ರವರಿ–ಮಾರ್ಚ್‌ನ ಬೆಂಗಳೂರಿನ ಒಣಹವೆಗೆ ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಅಂಗೈ ಕೆರೆಯುತ್ತವೆ, ಮಳೆಗಾಲಕ್ಕೆ ಅದೇ ಮರ ಉಬ್ಬುತ್ತದೆ. ಇದೆಲ್ಲ ಮುಗಿಯುವ ಹೊತ್ತಿಗೆ, ಕೆಟ್ಟ ಗಿಟಾರ್ ಅಂದುಕೊಂಡಿದ್ದು ಹೊಂದಿಸದ ಗಿಟಾರ್ ಅಷ್ಟೇ ಎಂದು ಎಷ್ಟೋ ಸಲ ತಿಳಿಯುತ್ತದೆ.

ಎರಡನೆಯದು ಬೆಸುಗೆ. ಎಸ್.ಪಿ. ರೋಡಿಗೆ ಹೋಗಿ ಒಂದು ಒಳ್ಳೆಯ ಸೋಲ್ಡರಿಂಗ್ ಐರನ್ ತಾ. ಗಿಟಾರ್ ಮುಟ್ಟುವ ಮೊದಲು ಕೆಟ್ಟ ರೇಡಿಯೊ ಬೋರ್ಡಿನ ಮೇಲೆ ಐವತ್ತು ಬೆಸುಗೆ ಹಾಕು. ಕಾಯಿಸಬೇಕಾದದ್ದು ಸೀಸದ ತಂತಿಯನ್ನಲ್ಲ, ಬೆಸೆಯುವ ಜಾಗವನ್ನು. ಅದು ಕಾದಿದ್ದರೆ ಸೀಸ ತಾನೇ ನೀರಿನಂತೆ ಹರಿದು ಹಿಡಿಯುತ್ತದೆ. ಎರಡು ಮೂರು ಸೆಕೆಂಡು ಸಾಕು. ಆರಿದ ಮೇಲೆ ಹೊಳೆದರೆ ಒಳ್ಳೆಯ ಬೆಸುಗೆ, ಬೂದುಬಣ್ಣಕ್ಕೆ ಉಂಡೆಯಾಗಿ ಕೂತರೆ ಮತ್ತೆ ಹಾಕು. ಒಂದು ವೈರು ಬಿಚ್ಚುವ ಮೊದಲು ಫೋಟೊ ತೆಗೆ, ಕೈಯಲ್ಲಿ ಚಿತ್ರವನ್ನೂ ಬರೆ. ತೆಗೆದ ಪ್ರತಿ ಭಾಗವನ್ನೂ ಚೀಟಿ ಅಂಟಿಸಿ ಡಬ್ಬಿಯಲ್ಲಿಡು. ಹಳೆಯ ಭಾಗ ಕೈಯಲ್ಲಿದ್ದರೆ ಮನಸ್ಸಿಗೆ ಧೈರ್ಯ.

ಆಂಪ್ಲಿಫೈಯರನ್ನು ಮಾತ್ರ ಬಿಚ್ಚಬೇಡ. ವಾಲ್ವ್ ಆಂಪಿನೊಳಗಿನ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ವೋಲ್ಟೇಜ್ ಹಿಡಿದಿಟ್ಟಿರುತ್ತವೆ. ಗಿಟಾರಿನ ಕೆಲಸದಲ್ಲಿ ಹಿಂದಕ್ಕೆ ಬಾರದ್ದು ಮರ ಒಂದೇ ಅಲ್ಲ, ಮಗೂ. ಮನೆಯ ಪ್ಲಗ್ಗಿಗೆ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿಕೋ.

ಈಗ ನಿನ್ನ ಪಿಕಪ್ಪಿನ ಮಾತು. ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. 1956ರಲ್ಲಿ ಫೆಂಡರ್ ಕಾರ್ಖಾನೆಗೆ ಸೇರಿದ ಅಬಿಗೈಲ್ ಇಬಾರಾ ಕೈಯಲ್ಲಿ ಸುತ್ತಿದ ಪಿಕಪ್ಪುಗಳನ್ನು ನುಡಿಸುವವರು ಇವತ್ತಿಗೂ ಹುಡುಕುತ್ತಾರೆ. ಅವಳ ಹೆಸರು ನಿನಗೆ ಗೊತ್ತಿರಲಿ. ಒಂಟಿ ಸುರುಳಿಯ, ಅಂದರೆ ಸಿಂಗಲ್ ಕಾಯಿಲ್ ಪಿಕಪ್ಪು ತಂತಿಯ ನಾದದ ಜೊತೆಗೆ ಮನೆಯ ಕರೆಂಟಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಎರಡು ಸುರುಳಿಗಳನ್ನು ಎದುರುಬದುರಾಗಿ ಜೋಡಿಸಿ ಆ ಗುಂಯ್ ಒಂದನ್ನೊಂದು ಅಳಿಸುವ ಹಾಗೆ 1955ರಲ್ಲಿ ಗಿಬ್ಸನ್ ಕಂಪನಿಯ ಸೇಥ್ ಲವರ್ ರೂಪಿಸಿದ್ದೇ ನಿನ್ನ ಹಂಬಕರ್. ನಿನಗೆ ಬೇಕಾದದ್ದು ಆ ನಿಶ್ಶಬ್ದ ಮತ್ತು ಆ ದಪ್ಪ ದನಿ. ಹಂಬಕರ್ ಸಿಂಗಲ್ ಕಾಯಿಲ್ ಅಳತೆಯಲ್ಲೂ ಸಿಗುತ್ತದೆ. ಈಗಿರುವ ಗೂಡಿನಲ್ಲೇ ಕೂರುತ್ತದೆ. ತಂದದ್ದನ್ನು ಅಂಗಡಿಗೆ ಕೊಟ್ಟು ಅದನ್ನು ತೆಗೆದುಕೋ. ಸಾಮಾನ್ಯವಾಗಿ ಸಿಂಗಲ್ ಕಾಯಿಲ್‌ಗೆ 250 ಕಿಲೋಓಮ್, ಹಂಬಕರಿಗೆ 500 ಕಿಲೋಓಮ್ ಪಾಟ್ ಹಾಕುತ್ತಾರೆ. ದನಿ ಮಂಕಾಗಿದೆ ಅನಿಸಿದರೆ ಮೊದಲು ಅದನ್ನು ನೋಡು. ಹಿಡಿಸದಿದ್ದರೆ ಬೆಸುಗೆ ಬಿಚ್ಚಿ ಹಳೆಯದನ್ನೇ ಹಾಕು. ಬಿಳಿ ಗಿಟಾರಿಗೆ ಒಂದು ಗೀರೂ ಬಿದ್ದಿರುವುದಿಲ್ಲ.

ಮೂರನೆಯದು ಅರ ಹಿಡಿಯುವ ಕೆಲಸ: ನೆಕ್ಕಿನ ತುದಿಯಲ್ಲಿ ತಂತಿ ಕೂರುವ ನಟ್ಟಿನ ಗೀರು ಇಳಿಸುವುದು, ಫ್ರೆಟ್ಟು ಸಮ ಮಾಡುವುದು. ಗೀರು ಕೂದಲೆಳೆಯಷ್ಟು ಹೆಚ್ಚು ಇಳಿದರೂ ಬಿಟ್ಟ ತಂತಿ ಕಿರಗುಟ್ಟುತ್ತದೆ. ನಿನ್ನ ಗಿಟಾರಿನ ಮೇಲೆ ಇದನ್ನು ಕಲಿಯಬೇಡ. ಹಳೆಯದೊಂದು ಮುರುಕು ನೆಕ್ ಹುಡುಕಿ ಅದರ ಮೇಲೆ ಕೈ ಪಳಗಿಸಿಕೋ.

ಸ್ವಂತ ಗಿಟಾರ್ ಕಟ್ಟುವ ಆಸೆ ನಿನಗಿದೆ ಎಂದು ಬಲ್ಲೆ. ಇರಲಿ, ಅದು ದೊಡ್ಡ ಆಸೆ. ಮುಂದೆ ಹೆಸರಾಂತ ಗಿಟಾರ್ ವಾದಕನಾದ ಲಂಡನ್ನಿನ ಬ್ರಯನ್ ಮೇ 1963ರಲ್ಲಿ, ಇನ್ನೂ ಶಾಲೆಗೆ ಹೋಗುವ ಹುಡುಗನಾಗಿದ್ದಾಗ, ಅಪ್ಪನ ಜೊತೆ ಕೂತು ಹಳೆಯ ಅಗ್ಗಿಷ್ಟಿಕೆಯ ಮರದಲ್ಲಿ ನೆಕ್ ಕೆತ್ತಿದ. ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಮುಚ್ಚಿದ. ಟ್ರೆಮೊಲೊಗೆ ಹಳೆಯ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗ್, ಫ್ರೆಟ್ಟಿನ ಗುರುತಿಗೆ ಅಮ್ಮನ ಗುಂಡಿಪೆಟ್ಟಿಗೆಯ ಗುಂಡಿ. ಕಟ್ಟಿ ಮುಗಿಸಲು ಸುಮಾರು ಎರಡು ವರ್ಷ ಹಿಡಿಯಿತು. ತಾನೇ ಸುತ್ತಿದ ಪಿಕಪ್ಪು ತಂತಿ ಜಗ್ಗಿದಾಗ ಸರಿಯಾಗಿ ನುಡಿಯಲಿಲ್ಲವೆಂದು ಅದನ್ನು ಬಿಟ್ಟು ಅಂಗಡಿಯಿಂದ ಬೇರೆ ತಂದ. ಅದಕ್ಕೆ ಅವನು ನಾಚಲಿಲ್ಲ. 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ನಿಂತು ನುಡಿಸಿದ್ದೂ ಅದೇ ಗಿಟಾರನ್ನು.

ನೀನು ಮೊದಲು ಒಂದು ಕಿಟ್ ತಂದು ಜೋಡಿಸು. ಆಮೇಲೆ ನೆಕ್ ಕೊಂಡುಕೊಂಡು ಬಾಡಿ ಮಾತ್ರ ಮಾಡು. ಕಡೆಯದಾಗಿ ನೆಕ್. ಮೈಸೂರಿನಲ್ಲಿ ವೀಣೆಗೆ ಮೇಳ ಕಟ್ಟುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿದ ಮೆತ್ತನೆಯ ಹಾಸಿನ ಮೇಲೆ ಫ್ರೆಟ್ಟಿನಂಥ 24 ಮೆಟ್ಟಿಲುಗಳನ್ನು ಒಂದೊಂದಾಗಿ ಇಟ್ಟು, ಮೀಟಿ, ಕಿವಿ ಒಪ್ಪುವ ತನಕ ಸರಿಸುತ್ತಾರೆ. ವರ್ಷಗಳ ಮೇಲೆ ಮೇಣ ಸರಿದರೆ ಮತ್ತೆ ಕಟ್ಟುತ್ತಾರೆ. ಗಿಟಾರಿಗೆ ಆ ಭಾಗ್ಯವಿಲ್ಲ. ಫ್ರೆಟ್ಟಿನ ಗೀರನ್ನು ಗರಗಸ ಒಮ್ಮೆ ಹಾಕಿದರೆ ಅಲ್ಲಿಗೇ ಖಾಯಂ. ಆದ್ದರಿಂದ ಕಿವಿಗೆ ಮೊದಲು ಲೆಕ್ಕ ಬೇಕು. 648 ಮಿಲಿಮೀಟರ್ ತಂತಿಯುದ್ದವನ್ನು 17.817ರಿಂದ ಭಾಗಿಸಿದರೆ 36.37, ನಟ್ಟಿನಿಂದ ಅಷ್ಟು ದೂರಕ್ಕೆ ಮೊದಲ ಫ್ರೆಟ್. ಉಳಿದ ಉದ್ದವನ್ನು ಮತ್ತೆ 17.817ರಿಂದಲೇ ಭಾಗಿಸಿದರೆ ಅಲ್ಲಿಂದ ಎರಡನೆಯದರ ದೂರ. ಹೀಗೆ ಹೋದರೆ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 324ಕ್ಕೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಗರಗಸ ಮುಟ್ಟಬೇಡ.

ಮರ ಆರಿಸುವಾಗಲೂ ಹಿಂದಕ್ಕೆ ಬಾರದ ಕೆಲಸದ ಮಾತು ನೆನಪಿಡು. ಜಗತ್ತಿನ ಗಿಟಾರುಗಳ ಬೆರಳುಹಲಗೆಗೆ ಹೆಸರಾದದ್ದು ನಮ್ಮ ಪಶ್ಚಿಮಘಟ್ಟದ ಬೀಟೆ. ಅದನ್ನು ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ರಸೀದಿಯಿಲ್ಲದ ತುಂಡನ್ನು ಯಾರು ಕೊಟ್ಟರೂ ಮುಟ್ಟಬೇಡ. ಉರುಳಿಸಿದ ಬೀಟೆ ನಿನ್ನ ಕಾಲದಲ್ಲಿ ಮತ್ತೆ ಅಷ್ಟೆತ್ತರ ಬೆಳೆಯುವುದಿಲ್ಲ. ಹಳೆಯ ಮನೆಯ ತೇಗದ ಬಾಗಿಲು ಚೆನ್ನಾಗಿ ಒಣಗಿರುತ್ತದೆ, ಮೊಳೆ ಕಿತ್ತು ಉಪಯೋಗಿಸು. ಉಪ್ಪುಕಾಗದ ಹಿಡಿದಾಗ ಮೂಗಿಗೆ ಮಾಸ್ಕ್ ಇರಲಿ.

ನಮ್ಮ ಹಳ್ಳಿಮನೆಯ ಬಾಗಿಲಿನ ಒಂದು ಹಲಗೆ ಅಟ್ಟದ ಮೇಲಿದೆ. ನಿನ್ನೆ ಇಳಿಸಿ ಒರೆಸಿಟ್ಟೆ. ಉಳಿಯನ್ನೂ ಕಲ್ಲಿನ ಮೇಲೆ ಮಸೆದಿದ್ದೇನೆ. ನಿನ್ನ ನೋಟ್‌ಬುಕ್ಕಿನಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ತುಂಬಲಿ. ಆಮೇಲೆ ಅದನ್ನು ತೆಗೆದುಕೊಂಡು ಬಾ. ಹಲಗೆಯ ಎರಡೂ ಮೈಯನ್ನು ತಿರುಗಿಸಿ ನೋಡಿ, ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ, ಇಬ್ಬರೂ ಕೂತು ಶುರುಮಾಡೋಣ.

ಇಂತಿ ನಿನ್ನ
ತಾತ