ಜಪಾನಿನ ಬಿಸಿನೀರ ಬುಗ್ಗೆಯ ವಸತಿಗೃಹದಲ್ಲಿ ತಂಗುವ ಕ್ರಮ

ಜಪಾನ್ ದ್ವೀಪಸಮೂಹದ ಒಡಲಲ್ಲಿ ಅಗ್ನಿಪರ್ವತಗಳ ತಾಪವು ಇಂದಿಗೂ ಆರದಿರುವ ಕಾರಣ, ಉತ್ತರದ ಹೊಕ್ಕೈಡೊದಿಂದ ದಕ್ಷಿಣದ ಕ್ಯೂಶುವಿನವರೆಗೆ ಬಿಸಿನೀರಿನ ಬುಗ್ಗೆಗಳನ್ನು ಆಶ್ರಯಿಸಿ ಬೆಳೆದ ವಿಹಾರಸ್ಥಾನಗಳು ಸುಮಾರು ಮೂರು ಸಾವಿರದಷ್ಟು ಇವೆ. ಬುಗ್ಗೆಗೆ ಅಲ್ಲಿಯವರು ಒನ್ಸೆನ್ ಎನ್ನುತ್ತಾರೆ. ಅದರ ಮಗ್ಗುಲಲ್ಲಿ, ಚಾಪೆಯ ನೆಲ, ಕಾಗದದ ಬಾಗಿಲು, ನೆಲದ ಹಾಸಿಗೆಗಳ ಹಳೆಯ ಪದ್ಧತಿಯನ್ನು ಬಿಡದೆ ಅತಿಥಿಗಳನ್ನು ಇರಿಸಿಕೊಳ್ಳುವ ಮನೆಗೆ ರಿಯೋಕಾನ್ ಎನ್ನುತ್ತಾರೆ. ಯಮನಾಶಿ ಪ್ರಾಂತದ ಕಣಿವೆಯೊಂದರಲ್ಲಿರುವ ಕೇಯುನ್‌ಕನ್ ಎಂಬ ಗೃಹವು 705ರಲ್ಲಿ ಸ್ಥಾಪಿತವಾದುದೆಂಬ ಹೆಗ್ಗಳಿಕೆಯಿಂದ, ಜಗತ್ತಿನ ಅತ್ಯಂತ ಪುರಾತನ ಹೋಟೆಲೆಂದು ಗಿನ್ನೆಸ್ ದಾಖಲೆಯನ್ನೂ ಪಡೆದಿದೆ. ಇಷ್ಟು ದೀರ್ಘಕಾಲದ ಅಭ್ಯಾಸದಿಂದ ಹದಗೊಂಡ ಆತಿಥ್ಯಕ್ಕೆ ತನ್ನದೇ ಆದ ವೇಳೆಯೂ ವಿಧಿಯೂ ಇರುವುದು ಸಹಜ. ಅವನ್ನರಿಯದೆ, ಮಲಗಲೊಂದು ಜಾಗ ಸಿಕ್ಕಿದರೆ ಸಾಕೆಂಬಂತೆ ರಾತ್ರಿ ಒಂಬತ್ತಕ್ಕೆ ಬಂದು ಬೆಳಗಾಗುತ್ತಲೇ ಹೊರಡುವವನು ಕೊಟ್ಟ ಹಣದ ಬಹುಪಾಲನ್ನು ಅಲ್ಲಿಯೇ ಬಿಟ್ಟುಬಂದಂತಾಗುವುದು.

ಕೊಠಡಿಯನ್ನು ಗೊತ್ತುಮಾಡುವ ಮುನ್ನ

ಮೊದಲು ಸ್ಥಳವನ್ನು ಆರಿಸಿಕೊಳ್ಳತಕ್ಕದ್ದು. ಟೋಕಿಯೊದಲ್ಲಿಳಿದವರಿಗೆ ಹಕೊನೆ ಹತ್ತಿರ. ಶಿಂಜುಕು ನಿಲ್ದಾಣದಿಂದ ರೈಲಿನಲ್ಲಿ ಒಂದೂವರೆ ತಾಸಿನ ದಾರಿ. ಗುನ್ಮಾ ಪ್ರಾಂತದ ಕುಸತ್ಸುವಿನ ನೀರು ತೀವ್ರ ಆಮ್ಲಗುಣವುಳ್ಳದ್ದು, ನೇರವಾಗಿ ಇಳಿಯಲಾಗದಷ್ಟು ಬಿಸಿ. ತಣ್ಣೀರು ಬೆರೆಸಿದರೆ ಅದರ ಗುಣ ಕೆಡುವುದೆಂದು ಹಿಂದೆ ಉದ್ದನೆಯ ಹಲಗೆಗಳಿಂದ ನೀರನ್ನು ಮಗುಚಿ ಮಗುಚಿ ಆರಿಸುತ್ತಿದ್ದರು, ಈಗ ಅದು ಪ್ರೇಕ್ಷಕರಿಗಾಗಿ ಹಾಡಿನೊಡನೆ ನಡೆಯುವ ಪ್ರದರ್ಶನವಾಗಿದೆ. ಮೊದಲ ಬಾರಿಗೆ ಹೋಗುವವರಿಗೆ ನನ್ನ ಒಲವು ಕ್ಯೋಟೊದಿಂದ ರೈಲಿನಲ್ಲಿ ಎರಡೂವರೆ ತಾಸಿನಷ್ಟು ದೂರದ ಕಿನೊಸಾಕಿಯ ಕಡೆಗೆ. ಅಲ್ಲಿ ಊರಿಗೆ ಸೇರಿದ ಏಳು ಸ್ನಾನಗೃಹಗಳಿದ್ದು, ತಂಗಿದವರು ಹತ್ತಿಯ ನಿಲುವಂಗಿ ತೊಟ್ಟು, ಮರದ ಪಾದುಕೆ ಮೆಟ್ಟಿ, ವಿಲೋ ಮರಗಳ ಸಾಲಿನ ಕಾಲುವೆಯಂಚಿನಲ್ಲಿ ಒಂದರಿಂದ ಇನ್ನೊಂದಕ್ಕೆ ನಡೆದುಹೋಗುವುದೇ ಆ ಊರಿನ ಸಂಜೆಯ ವ್ಯವಹಾರ. ಮೈಮೇಲೆ ಹಚ್ಚೆಯುಳ್ಳವರನ್ನು ಜಪಾನಿನ ಅನೇಕ ಸ್ನಾನಗೃಹಗಳು ಒಳಕ್ಕೆ ಬಿಡುವುದಿಲ್ಲ; ಕಿನೊಸಾಕಿಯ ಈ ಏಳರಲ್ಲಿ ಆ ಅಡ್ಡಿಯಿಲ್ಲ.

ಬಾಡಿಗೆಯನ್ನು ಕೊಠಡಿಗಲ್ಲ, ತಲೆಗೆ ಇಷ್ಟೆಂದು ಎಣಿಸುವುದು ಅಲ್ಲಿಯ ರೂಢಿ. ಅದರಲ್ಲಿ ರಾತ್ರಿಯ ಊಟವೂ ಬೆಳಗಿನ ಉಪಾಹಾರವೂ ಸಾಮಾನ್ಯವಾಗಿ ಸೇರಿರುತ್ತವೆ. ಶನಿವಾರದ ದರ ಹೆಚ್ಚು. ಒಬ್ಬಂಟಿ ಯಾತ್ರಿಕನಿಗೆ ಕೊಠಡಿ ಕೊಡಲು ಹಿಂಜರಿಯುವ ಗೃಹಗಳೂ ಉಂಟು. ಇದಲ್ಲದೆ ಸ್ನಾನದ ತೆರಿಗೆಯೆಂದು ತಲೆಗೆ ಬಹುಶಃ 150 ಯೆನ್ ಪ್ರತ್ಯೇಕವಾಗಿ ಕೊಡಬೇಕಾದೀತು.

ನಮ್ಮವರಲ್ಲಿ ಸಸ್ಯಾಹಾರಿಗಳಾದವರು ಇಲ್ಲಿ ವಿಶೇಷ ಎಚ್ಚರಿಕೆ ವಹಿಸಬೇಕು. ತಟ್ಟೆಯಲ್ಲಿ ಕಾಣುವ ಮೀನನ್ನು ಬಿಡುವುದು ಸುಲಭ. ಆದರೆ ಒಣಗಿಸಿ ಹೊಗೆಯಾಡಿಸಿದ ಮೀನನ್ನು ತೆಳುವಾಗಿ ಹೆರೆದು, ಬಿಸಿನೀರಿಗೆ ಹಾಕಿ ಸೋಸಿದ ದಾಶಿ ಎಂಬ ತಿಳಿಸಾರು ಜಪಾನೀ ಅಡಿಗೆಯ ಅಸ್ತಿಭಾರವೇ ಆಗಿರುವುದರಿಂದ, ನೋಡಲು ಬರಿಯ ಬದನೆಕಾಯಿ, ಮೂಲಂಗಿ, ಸೋಯಾ ಗಿಣ್ಣಿನಂತೆ ತೋರುವ ಪದಾರ್ಥದಲ್ಲಿಯೂ ಮೀನಿನ ಸಾರ ಬೆರೆತಿರುವ ಸಂಭವವೇ ಹೆಚ್ಚು. ‘ನಾನು ಸಸ್ಯಾಹಾರಿ’ ಎಂದಷ್ಟೇ ಬರೆದರೆ, ಮಾಂಸವನ್ನು ಮಾತ್ರ ಬಿಟ್ಟು ಮೀನನ್ನು ಬಡಿಸಿಯಾರು. ಆದುದರಿಂದ ಕೊಠಡಿಯನ್ನು ಕಾದಿರಿಸುವಾಗಲೇ ಮಾಂಸ, ಮೀನು, ಮೀನಿನ ಸಾರು, ಮೊಟ್ಟೆ ಇವುಗಳಲ್ಲಿ ಯಾವುದು ಬೇಡವೆಂದು ಒಂದೊಂದಾಗಿ ಹೆಸರಿಸಿ ಬರೆದು, ‘ಕಡಲಪಾಚಿ ಅಥವಾ ಅಣಬೆಯ ದಾಶಿಯಿಂದ ಅಡಿಗೆ ಮಾಡಬಲ್ಲಿರಾ?’ ಎಂದು ಕೇಳಿ, ಉತ್ತರ ಬಂದ ಮೇಲೆಯೇ ಹಣ ಕಟ್ಟಬೇಕು. ಆಗದೆಂದು ಅವರು ಹೇಳಿದರೆ ಕೋಪಗೊಳ್ಳಲಾಗದು. ಪ್ರತಿ ಅತಿಥಿಗೂ ಸಾಮಗ್ರಿಯನ್ನು ಮೊದಲೇ ತರಿಸಿಡುವ ಅಡಿಗೆಮನೆಗೆ ಬಂದ ಹೊತ್ತಿನಲ್ಲಿ ಬದಲಾವಣೆ ಮಾಡುವುದು ಅಸಾಧ್ಯ. ಊಟವಿಲ್ಲದೆ ವಸತಿಯನ್ನಷ್ಟೇ ಕೊಡುವ ಗೃಹಗಳೂ ಇವೆ. ಊಟದ ವಿಷಯದಲ್ಲಿ ಸ್ವಲ್ಪವೂ ರಾಜಿ ಒಲ್ಲದವರು ಬುಗ್ಗೆಯನ್ನು ಒಂದು ಹಗಲಿಗೆ ಮುಗಿಸಿಕೊಂಡು, ರಾತ್ರಿಗೆ ವಕಯಾಮ ಪ್ರಾಂತದ ಕೋಯಾ ಪರ್ವತದ ಬೌದ್ಧ ದೇವಾಲಯಗಳಲ್ಲಿ ತಂಗುವುದು ಲೇಸು. ಅಲ್ಲಿಯ ಸಾಂಪ್ರದಾಯಿಕ ಭೋಜನದಲ್ಲಿ ಮೀನು ಮಾಂಸಗಳಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ಇರುವುದಿಲ್ಲ.

ಹೊಸ್ತಿಲಿನಿಂದ ಕೊಠಡಿಗೆ

ಮಧ್ಯಾಹ್ನ ಮೂರು ಗಂಟೆಗೆ ಬಾಗಿಲು ತೆರೆಯುತ್ತದೆ. ಊಟ ಆರು ಅಥವಾ ಆರೂವರೆಗೆ. ಈ ನಡುವಿನ ಮೂರು ತಾಸುಗಳೇ ಸ್ನಾನಕ್ಕೆ ಶ್ರೇಷ್ಠವಾದ ಕಾಲವಾದುದರಿಂದ, ಮೂರರಿಂದ ನಾಲ್ಕರೊಳಗೆ ತಲುಪುವಂತೆ ರೈಲನ್ನು ನೋಡಿಕೊಳ್ಳಬೇಕು. ಪಾಸ್‌ಪೋರ್ಟನ್ನು ಕೈಗೆಟಕುವಲ್ಲಿ ಇಟ್ಟುಕೊಂಡಿರಿ, ಕೇಳುತ್ತಾರೆ. ಪ್ರವೇಶದ್ವಾರದ ತಗ್ಗಿನಲ್ಲಿ ಬೂಟು ಕಳಚಿ, ಮೇಲಿನ ಜಗುಲಿಗೆ ಬರಿಯ ಕಾಲುಚೀಲದಲ್ಲಿ ಹತ್ತಿ, ಅವರು ಕೊಡುವ ಚಪ್ಪಲಿ ಮೆಟ್ಟಿಕೊಳ್ಳತಕ್ಕದ್ದು. ಕೊಠಡಿಯ ತತಾಮಿ ಚಾಪೆಯ ಅಂಚಿನಲ್ಲಿ ಅದನ್ನೂ ಬಿಡಬೇಕು. ಶೌಚಾಲಯದಲ್ಲಿ ಬೇರೆಯೇ ಚಪ್ಪಲಿ ಇರುತ್ತದೆ. ಹೊರಬರುವಾಗ ಅದನ್ನು ಅಲ್ಲಿಯೇ ಬಿಡಲು ಮರೆಯುವವರು ವಿದೇಶೀಯರಲ್ಲಿ ಬಹಳ. ಪೆಟ್ಟಿಗೆಯ ಗಾಲಿಗಳನ್ನು ಚಾಪೆಯ ಮೇಲೆ ಉರುಳಿಸಲಾಗದು. ಗೋಡೆಯ ಗೂಡಿನಂಥ ಭಾಗದಲ್ಲಿ ಚಿತ್ರಪಟವೂ ಹೂವೂ ಇದ್ದರೆ, ಅದು ಆ ಕೊಠಡಿಯ ಗೌರವಸ್ಥಾನವೆಂದು ತಿಳಿದು, ಸಾಮಾನುಗಳನ್ನು ಬೇರೆ ಮೂಲೆಯಲ್ಲಿಡಿ.

ಸೇವಕಿಯು ಹಸಿರು ಚಹಾವನ್ನೂ ಸಣ್ಣದೊಂದು ಸಿಹಿಯನ್ನೂ ತಂದಿಡುವಳು. ಇದು ಬರಿಯ ಉಪಚಾರವಲ್ಲ: ಪ್ರಯಾಣದಿಂದ ದಣಿದು ಹಸಿದ ಹೊಟ್ಟೆಯಲ್ಲಿ ಬಿಸಿನೀರಿಗಿಳಿದರೆ ತಲೆ ಸುತ್ತುವ ಸಂಭವವಿರುವುದರಿಂದ, ತಿಂದೇ ಹೊರಡುವುದು ಹಿತ. ಅನಂತರ ಯುಕಾತ ಎಂಬ ಹತ್ತಿಯ ನಿಲುವಂಗಿಯನ್ನು ಎಡಸೆರಗು ಬಲದ ಮೇಲೆ ಬರುವಂತೆ ಸುತ್ತಿ ನಡುಕಟ್ಟು ಬಿಗಿಯಬೇಕು. ಬಲವು ಎಡದ ಮೇಲೆ ಬರುವಂತೆ ಉಡಿಸುವುದು ಮೃತದೇಹಕ್ಕೆ.

ಸ್ನಾನದ ವಿಧಿ

ಬಾಗಿಲ ಪರದೆಯ ಮೇಲೆ ಗಂಡಸರಿಗೆ ಸಾಮಾನ್ಯವಾಗಿ ನೀಲಿ, ಹೆಂಗಸರಿಗೆ ಕೆಂಪು. ಆದರೆ ರಾತ್ರಿ ಅಥವಾ ಬೆಳಗಿನಲ್ಲಿ ಎರಡು ಕೊಳಗಳನ್ನೂ ಅದಲುಬದಲು ಮಾಡುವ ಪದ್ಧತಿ ಅನೇಕ ಕಡೆ ಇರುವುದರಿಂದ, ಸಂಜೆ ಹೊಕ್ಕ ಬಾಗಿಲನ್ನೇ ಬೆಳಿಗ್ಗೆ ನಂಬದೆ, ಪ್ರತಿ ಬಾರಿಯೂ ಪರದೆಯನ್ನು ನೋಡಿಯೇ ಒಳಹೋಗಬೇಕು.

ಒಳಗೆ ಬಟ್ಟೆಯೆಲ್ಲವನ್ನೂ ಬುಟ್ಟಿಯಲ್ಲಿರಿಸಿ, ಪುಟ್ಟ ಕೈವಸ್ತ್ರವೊಂದರೊಡನೆ ಮುಂದೆ ಸಾಗಬೇಕು. ಈಜುಡುಪಿಗೆ ಅವಕಾಶವಿಲ್ಲ. ಹೊಳೆಯಲ್ಲಿ ಮೀಯುವಾಗಲೂ ಮೈಮೇಲೊಂದು ವಸ್ತ್ರವಿರಬೇಕೆಂಬ ಸಂಸ್ಕಾರದಲ್ಲಿ ಬೆಳೆದ ನಮಗೆ ಇದು ಕಠಿಣವೆನಿಸುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ, ನೋಡದಿರುವುದೇ ಅಲ್ಲಿಯ ಶಿಷ್ಟಾಚಾರ. ಅಷ್ಟಾಗಿಯೂ ಮನಸ್ಸು ಒಪ್ಪದವರು ಸಂಕೋಚವನ್ನು ಬಲವಂತವಾಗಿ ಗೆಲ್ಲಬೇಕಾಗಿಲ್ಲ: ತಾಸಿನ ಲೆಕ್ಕದಲ್ಲಿ ಕುಟುಂಬಕ್ಕೆ ಬಿಟ್ಟುಕೊಡುವ ಖಾಸಗಿ ಕೊಳವುಳ್ಳ ಗೃಹವನ್ನು ಆರಿಸಿಕೊಂಡರೆ ಸರಿ. ವೃದ್ಧರನ್ನು ಕರೆದುಕೊಂಡು ಹೋಗುವವರಿಗೆ ಇದೇ ಉತ್ತಮ.

ಕೊಳವು ಮೈ ತೊಳೆಯುವ ಸ್ಥಳವಲ್ಲ. ಗೋಡೆಯುದ್ದಕ್ಕೂ ಇರುವ ನಲ್ಲಿಗಳ ಮುಂದೆ ಗಿಡ್ಡ ಪೀಠದ ಮೇಲೆ ಕುಳಿತು, ಪಕ್ಕದವರಿಗೆ ಸಿಡಿಯದಂತೆ ಸೋಪು ಹಚ್ಚಿ, ನೊರೆಯ ಲೇಶವೂ ಉಳಿಯದಂತೆ ತೊಳೆದುಕೊಂಡ ಮೇಲೆಯೇ ಕೊಳದ ಕಡೆ ಹೋಗತಕ್ಕದ್ದು. ಉದ್ದ ಕೂದಲನ್ನು ಎತ್ತಿ ಕಟ್ಟಬೇಕು. ಗಂಧಕದ ನೀರಿನಲ್ಲಿ ಬೆಳ್ಳಿ ಕಪ್ಪಾಗುವುದರಿಂದ ಕಾಲುಂಗುರ, ಸರಗಳನ್ನು ಕೊಠಡಿಯಲ್ಲಿಯೇ ಬಿಡುವುದು ಒಳ್ಳೆಯದು. ಕೊಳದ ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ ಸೆಲ್ಸಿಯಸ್. ಮೊದಲು ಬೋಗುಣಿಯಿಂದ ಕಾಲಿಗೆ, ತರುವಾಯ ಹೆಗಲಿಗೆ ಸುರಿದುಕೊಂಡು, ಸದ್ದಿಲ್ಲದೆ ಇಳಿಯಿರಿ. ಕೈವಸ್ತ್ರ ನೀರಿಗೆ ತಾಗಕೂಡದು. ಮಡಿಸಿ ನೆತ್ತಿಯ ಮೇಲಿಟ್ಟುಕೊಳ್ಳುತ್ತಾರೆ. ಐದು ಹತ್ತು ನಿಮಿಷಕ್ಕೊಮ್ಮೆ ಮೇಲೆ ಬಂದು ಆರಿಸಿಕೊಂಡು ಮತ್ತೆ ಇಳಿಯುವುದು ಕ್ರಮ. ಹೃದ್ರೋಗ, ಅಧಿಕ ರಕ್ತದೊತ್ತಡಗಳುಳ್ಳವರು ವೈದ್ಯರನ್ನು ಕೇಳದೆ ಇಳಿಯಬಾರದು. ಮದ್ಯ ಸೇವಿಸಿದವರು ಇಳಿಯಲೇಬಾರದು. ಹೊರಡುವಾಗ, ನೀರು ಸೌಮ್ಯವಾದುದಾದರೆ ಮತ್ತೆ ಮೈ ತೊಳೆಯದೆ ಒರಸಿಕೊಂಡರೆ ಸಾಕು. ಕುಸತ್ಸುವಿನಂಥ ಆಮ್ಲಜಲವಾದರೆ, ಚರ್ಮ ಕೋಮಲವಾಗಿರುವವರು ಸಿಹಿನೀರಿನಲ್ಲಿ ತೊಳೆದುಕೊಳ್ಳಬೇಕು. ಬಟ್ಟೆಯ ಕೋಣೆಗೆ ಕಾಲಿಡುವ ಮುನ್ನ ಮೈ ಒಣಗಿರಲಿ.

ಎಲ್ಲ ಬಿಸಿನೀರೂ ಬುಗ್ಗೆಯ ನೀರಲ್ಲ, ಎಲ್ಲ ಬುಗ್ಗೆಯೂ ಬಿಸಿಯಲ್ಲ. 1948ರ ಕಾನೂನಿನ ಪ್ರಕಾರ, ಉಗಮದಲ್ಲಿ 25 ಡಿಗ್ರಿಗೆ ಕಡಿಮೆಯಿಲ್ಲದ ನೀರು, ಇಲ್ಲವೆ ಗೊತ್ತುಪಡಿಸಿದ ಹತ್ತೊಂಬತ್ತು ದ್ರವ್ಯಗಳಲ್ಲಿ ಒಂದನ್ನಾದರೂ ನಿಯತ ಪ್ರಮಾಣದಲ್ಲಿ ಹೊಂದಿದ ನೀರು ಒನ್ಸೆನ್ ಎನಿಸಿಕೊಳ್ಳುತ್ತದೆ. ನೀರಿನ ವಿಶ್ಲೇಷಣೆಯ ಪಟ್ಟಿಯನ್ನು ಗೋಡೆಗೆ ತೂಗುಹಾಕಿರುತ್ತಾರೆ.

ಭೋಜನ ಮತ್ತು ನಿರ್ಗಮನ

ಊಟಕ್ಕೆ ಯುಕಾತದಲ್ಲಿಯೇ ಹೋಗಬಹುದು. ಋತುಮಾನಕ್ಕೆ ತಕ್ಕ ಪುಟ್ಟ ಪುಟ್ಟ ಭಕ್ಷ್ಯಗಳು ಒಂದಾದ ಮೇಲೊಂದು ಬರುವುವು. ಅನ್ನ, ಮಿಸೊ ಸಾರು, ಉಪ್ಪಿನಕಾಯಿ ಕೊನೆಯಲ್ಲಿ. ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ನಿಲ್ಲಿಸುವುದೂ ಕಡ್ಡಿಯಿಂದ ಕಡ್ಡಿಗೆ ತಿನಿಸು ದಾಟಿಸುವುದೂ ಅಪರಕ್ರಿಯೆಯ ಸಂದರ್ಭಕ್ಕೆ ಸೇರಿದ ಆಚಾರಗಳಾದುದರಿಂದ ಸಲ್ಲವು. ಉಂಡು ಬರುವಷ್ಟರಲ್ಲಿ ನೆಲದ ಮೇಲೆ ಹಾಸಿಗೆ ಸಿದ್ಧವಾಗಿರುತ್ತದೆ. ಗೋಡೆಗಳು ತೆಳು, ಮಾತು ಮೆಲ್ಲಗಿರಲಿ. ಭಕ್ಷೀಸು ಕೊಡುವ ವಾಡಿಕೆಯಿಲ್ಲ. ಬೆಳಿಗ್ಗೆ ಹತ್ತರೊಳಗೆ ಕೊಠಡಿ ಬಿಟ್ಟುಕೊಡಬೇಕು. ಬರಲಾಗದೆ ಹೋದರೆ ಆದಷ್ಟು ಮೊದಲೇ ತಿಳಿಸಿರಿ, ಕೊನೆಯ ಗಳಿಗೆಯ ರದ್ದತಿಗೆ ದಂಡ ತೆರಬೇಕಾಗುತ್ತದೆ. ಸಂಜೆಯೊಳಗೆ ತಲುಪಲು ಸಾಧ್ಯವೇ ಇಲ್ಲದವರು ಇಷ್ಟು ಖರ್ಚಿನ ಗೃಹಕ್ಕೆ ಹೋಗದೆ, ಸಾಧಾರಣ ಹೋಟೆಲಿನಲ್ಲಿ ಮಲಗಿ, ಹಗಲಿನಲ್ಲಿ ಕೆಲವು ನೂರು ಯೆನ್ ತೆತ್ತು ಊರಿನ ಸಾರ್ವಜನಿಕ ಸ್ನಾನಗೃಹದಲ್ಲಿ ಮಿಂದು ಬರುವುದೇ ವಿವೇಕ.