‘ಅನಾರೋಗ್ಯದ ನಡುವೆಯೂ’: ಬರವಣಿಗೆ, ಮನೆ ಮತ್ತು ಬಿಟ್ಟುಹೋಗದ ಕಾಯಿಲೆ

1

ಕನ್ನಡ ಲೇಖಕರ ಪರಿಚಯ ಬರಹಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ, ಮರುಮುದ್ರಣಗಳ ಮುನ್ನುಡಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪದಪುಂಜವೊಂದಿದೆ: ‘ಅನಾರೋಗ್ಯದ ನಡುವೆಯೂ’. ಲೇಖಕಿಯಾದರೆ ಇದರ ಹಿಂದೆ ‘ಸಂಸಾರದ ಜವಾಬ್ದಾರಿಗಳ ನಡುವೆಯೂ’ ಎಂಬ ಇನ್ನೊಂದು ಸೇರಿಕೊಳ್ಳುತ್ತದೆ. ಮೆಚ್ಚುಗೆಯಿಂದ ಬರೆದ ಮಾತು ಇದು. ಇದರಲ್ಲಿ ದುರುದ್ದೇಶ ಹುಡುಕುವುದು ಸರಿಯಲ್ಲ. ಆದರೆ ಕೊನೆಯಲ್ಲಿರುವ ‘ಊ’ ಮಾಡುವ ಕೆಲಸವನ್ನು ನಾವು ಗಮನಿಸಿದ್ದು ಕಡಿಮೆ. ಅದು ಬರವಣಿಗೆಯನ್ನು ಒಂದು ಕಡೆಗೂ ದೇಹ ಮತ್ತು ಮನೆಯನ್ನು ಮತ್ತೊಂದು ಕಡೆಗೂ ನಿಲ್ಲಿಸಿ, ಎರಡನ್ನೂ ಪರಸ್ಪರ ವಿರೋಧಿಗಳನ್ನಾಗಿ ಮಾಡುತ್ತದೆ. ಲೇಖಕ ಗೆದ್ದ, ಕಾಯಿಲೆ ಸೋತಿತು ಎಂಬ ಕಥನ ಸಿದ್ಧವಾಗುತ್ತದೆ. ಆ ಗೆಲುವಿನ ದಿನಗಳಲ್ಲಿ ಗಂಜಿ ಕಾಯಿಸಿದವರು ಯಾರು, ಕಾಗದ ಜೋಡಿಸಿದವರು ಯಾರು, ಬರವಣಿಗೆಯ ಗಾತ್ರವೂ ಪ್ರಕಾರವೂ ಏಕೆ ಹಾಗೆ ಬದಲಾದವು ಎಂಬ ಪ್ರಶ್ನೆಗಳಿಗೆ ಅಲ್ಲಿ ಜಾಗವಿಲ್ಲ.

ಪ್ರಸ್ತುತ ಲೇಖನ ಆ ಜಾಗವನ್ನು ಹುಡುಕುವ ಪ್ರಯತ್ನ. ಕಾಯಿಲೆ ಮತ್ತು ಕುಟುಂಬ ಬರವಣಿಗೆಯ ಹೊರಗಿನ ಅಡ್ಡಿಗಳಲ್ಲ, ಅನೇಕ ಸಂದರ್ಭಗಳಲ್ಲಿ ಅದರ ರೂಪವನ್ನೇ ನಿರ್ಧರಿಸುವ ಸಂಗತಿಗಳು ಎಂಬುದು ಇಲ್ಲಿನ ವಾದ. ಇದಕ್ಕಾಗಿ ಮುದ್ದಣ ಮತ್ತು ತ್ರಿವೇಣಿಯವರನ್ನು ಸಂಕ್ಷಿಪ್ತವಾಗಿಯೂ, ನಿರಂಜನ ಮತ್ತು ಅನುಪಮಾ ನಿರಂಜನ ದಂಪತಿಗಳನ್ನು ಸ್ವಲ್ಪ ವಿಸ್ತಾರವಾಗಿಯೂ ನೋಡಲಾಗಿದೆ. ಲೇಖಕರ ರೋಗನಿರ್ಣಯ ಮಾಡುವುದು ಸಾಹಿತ್ಯದ ವಿದ್ಯಾರ್ಥಿಯ ಕೆಲಸವಲ್ಲ. ಹಾಗೆಯೇ ಪ್ರತಿಯೊಂದು ಕೃತಿಯನ್ನೂ ಕಾಯಿಲೆಯ ರೂಪಕವಾಗಿ ಓದುವ ಹಟವೂ ನನಗಿಲ್ಲ.

2

ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ, ಹುಟ್ಟಿದ್ದು 1870ರಲ್ಲಿ, ಕ್ಷಯದಿಂದ ತೀರಿಕೊಂಡದ್ದು 1901ರಲ್ಲಿ. ಉಡುಪಿಯಲ್ಲಿ ಮಕ್ಕಳಿಗೆ ಅಂಗಸಾಧನೆ ಕಲಿಸುವ ಶಿಕ್ಷಕನಾಗಿದ್ದವನು ಶ್ವಾಸಕೋಶದ ರೋಗದಿಂದ ಮೂವತ್ತೊಂದಕ್ಕೆ ಇಲ್ಲವಾದದ್ದು ಚರಿತ್ರೆಯ ಕ್ರೂರ ವ್ಯಂಗ್ಯಗಳಲ್ಲೊಂದು. ಕಡಿಮೆ ಸಂಬಳ, ಹೆಂಡತಿ, ಚಿಕ್ಕ ಮಗು, ತನ್ನ ಕೃತಿಗಳನ್ನು ತನ್ನವೆಂದು ಹೇಳಿಕೊಳ್ಳದೆ ಪ್ರಾಚೀನ ಗ್ರಂಥಗಳೆಂಬಂತೆ ಮೈಸೂರಿಗೆ ಕಳಿಸಿದ ಸಂಕೋಚ, ಇವೆಲ್ಲ ನಮಗೆ ತಿಳಿದ ಸಂಗತಿಗಳೇ.

‘ಶ್ರೀರಾಮಾಶ್ವಮೇಧ’ವನ್ನು ನಾವು ಪಾಠ ಮಾಡುವಾಗ ಮುದ್ದಣ ಮನೋರಮೆಯರ ಸಲ್ಲಾಪವನ್ನು ಸರಸವೆಂದು, ಹೆಚ್ಚೆಂದರೆ ಗದ್ಯಪದ್ಯಗಳ ಬಗೆಗಿನ ಆಧುನಿಕ ವಿಮರ್ಶಾಪ್ರಜ್ಞೆಯೆಂದು ವಿವರಿಸುತ್ತೇವೆ. ಆದರೆ ಈ ಸಲ್ಲಾಪ ಮೂಲತಃ ಒಂದು ಮನೆಯೊಳಗಿನ ಮಾತು. ಕೆಲಸದಿಂದ ಮನೆಗೆ ಬಂದ ಗಂಡ, ಉಪಚರಿಸುವ ಹೆಂಡತಿ, ಕಥೆ ಹೇಳೆಂಬ ಒತ್ತಾಯ, ನಡುನಡುವೆ ಆಕ್ಷೇಪ, ಕೊಂಕು, ಚೌಕಾಸಿ. ಕಥೆ ಮುಂದುವರಿಯುವುದೂ ನಿಲ್ಲುವುದೂ ಅವಳ ಅಪ್ಪಣೆಯಿಂದ. ಸಂಸಾರ ಇಲ್ಲಿ ಕಾವ್ಯಕ್ಕೆ ಅಡ್ಡ ಬರುವುದಿಲ್ಲ. ಅಡ್ಡ ಬರುವುದನ್ನೇ ಕಾವ್ಯ ತನ್ನ ಕಟ್ಟಡಕ್ಕೆ ಬಳಸಿಕೊಂಡಿದೆ. ಕ್ಷಯದ ಪ್ರಸ್ತಾಪ ಈ ಸಲ್ಲಾಪಗಳಲ್ಲಿ ಇಲ್ಲ. ಇಲ್ಲದಿರುವುದಕ್ಕೆ ಹೆಚ್ಚಿನ ಅರ್ಥ ಹಚ್ಚುವುದು ಬೇಡ. ಆದರೂ ಕುಳಿತಲ್ಲೇ ಒಬ್ಬರು ಹೇಳಿ ಇನ್ನೊಬ್ಬರು ಕೇಳಬಹುದಾದ, ಎಲ್ಲಿ ಬೇಕಾದರೂ ನಿಲ್ಲಿಸಿ ಮರುದಿನ ಹಿಡಿಯಬಹುದಾದ ರಚನೆಯೊಂದನ್ನು ಈ ಕವಿ ತನ್ನ ಕೊನೆಯ ವರ್ಷಗಳಲ್ಲಿ ಆರಿಸಿಕೊಂಡನೆಂಬುದು ಗಮನಿಸಬೇಕಾದ ವಿಷಯ.

ತ್ರಿವೇಣಿಯವರ ವಿಷಯ ಬೇರೆ. 1928ರಲ್ಲಿ ಹುಟ್ಟಿ, ಮನಶ್ಶಾಸ್ತ್ರ ಓದಿ, ಸುಮಾರು ಒಂದು ದಶಕದೊಳಗೆ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದು, 1963ರಲ್ಲಿ ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ನಮ್ಮ ಚರಿತ್ರೆಕಾರರು ಅವರನ್ನು ‘ಅಕಾಲ ಮರಣ’ದ ಸಾಲಿನಲ್ಲಿ, ಕೊಡಗಿನ ಗೌರಮ್ಮನವರ ಪಕ್ಕದಲ್ಲಿ ಇಟ್ಟುಬಿಟ್ಟಿದ್ದಾರೆ. ಆದರೆ ತ್ರಿವೇಣಿ ಬರೆದದ್ದು ಸಾವಿನ ಬಗ್ಗೆ ಅಲ್ಲ, ಕಾಯಿಲೆಯಿಂದ ಮರಳಿ ಬಂದವರ ಬಗ್ಗೆ. ‘ಶರಪಂಜರ’ದ ಕಾವೇರಿ ಮಾನಸಿಕ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ, ಮನೆ ಮಾತ್ರ ಅವಳನ್ನು ಗುಣವಾದವಳೆಂದು ಒಪ್ಪುವುದಿಲ್ಲ. ವೈದ್ಯರು ಬರೆದ ಚೀಟಿಗೂ ನೆರೆಹೊರೆಯವರ ನೋಟಕ್ಕೂ ನಡುವೆ ಅವಳು ಸಿಕ್ಕಿಕೊಳ್ಳುತ್ತಾಳೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಚಲನಚಿತ್ರವಾಗಿಸಿದ ಮೇಲೆ ಕಾವೇರಿ ಮನೆಮಾತಾದಳು, ಆದರೆ ವಿಮರ್ಶೆ ಅವಳನ್ನು ‘ಜನಪ್ರಿಯ’ ವಿಭಾಗಕ್ಕೆ ಕಳಿಸಿ ಕೈತೊಳೆದುಕೊಂಡಿತು. ಕಾಯಿಲೆ ಮುಗಿಯುವುದು ಆಸ್ಪತ್ರೆಯಲ್ಲಲ್ಲ, ಅಡುಗೆಮನೆಯಲ್ಲಿ ಎಂಬ ತಿಳಿವಳಿಕೆ ಕನ್ನಡ ಕಾದಂಬರಿಗೆ ಇಷ್ಟು ಸ್ಪಷ್ಟವಾಗಿ ಬಂದದ್ದು ಇಲ್ಲಿ ಎಂದು ನಾನು ಭಾವಿಸುತ್ತೇನೆ.

3

ಬೇಗ ಕೊಲ್ಲುವ ರೋಗಕ್ಕೂ ಜೊತೆಯಲ್ಲೇ ಉಳಿಯುವ ರೋಗಕ್ಕೂ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಶೋಕಗೀತೆಯ ಪರಂಪರೆ ಸಿದ್ಧವಾಗಿದೆ. ಎರಡನೆಯದು ಇಂದು ಹೆಚ್ಚು, ನಾಳೆ ಕಡಿಮೆ. ಗುಣವೂ ಆಗದು, ಮುಗಿಯಲೂ ಬಿಡದು. ಇಂಥ ಕಾಯಿಲೆಯೊಡನೆ ಎರಡು ದಶಕಗಳ ಕಾಲ ಬರೆದು ಬದುಕಿದ ಕನ್ನಡದ ಮುಖ್ಯ ನಿದರ್ಶನ ನಿರಂಜನರದು.

ಕುಳಕುಂದ ಶಿವರಾಯರು 1924ರಲ್ಲಿ ಹುಟ್ಟಿದವರು. ‘ವಿಮೋಚನೆ’, ‘ರಂಗಮ್ಮನ ವಠಾರ’, ಕಯ್ಯೂರು ರೈತರ ಹೋರಾಟವನ್ನು ಕುರಿತ ‘ಚಿರಸ್ಮರಣೆ’ ಇವೆಲ್ಲ 1950ರ ದಶಕದವು. ಪತ್ರಿಕೆ, ಸಂಘಟನೆ, ಓಡಾಟ ಇವುಗಳೊಂದಿಗೆ ಬಂದ ಕೃತಿಗಳು. ಬರವಣಿಗೆಯನ್ನೇ ವೃತ್ತಿಯಾಗಿ ಹಿಡಿದ ಕೆಲವೇ ಕನ್ನಡಿಗರಲ್ಲಿ ಅವರೊಬ್ಬರು. 1956ರಲ್ಲಿ ವೈದ್ಯೆ ಹಾಗೂ ಲೇಖಕಿ ಅನುಪಮಾ ಅವರೊಡನೆ ವಿವಾಹ, ಇಬ್ಬರು ಹೆಣ್ಣುಮಕ್ಕಳು. 1971ರಲ್ಲಿ ನಿರಂಜನರಿಗೆ ಪಾರ್ಶ್ವವಾಯು ಬಡಿಯಿತು.

ಇಲ್ಲಿಂದ ಮುಂದಿನ ಇಪ್ಪತ್ತು ವರ್ಷಗಳನ್ನು ‘ಛಲ’ ಎಂಬ ಒಂದೇ ಪದದಲ್ಲಿ ಹೇಳಿ ಮುಗಿಸುವುದು ವಾಡಿಕೆ. ಛಲವಿತ್ತು, ನಿಜ. ಆದರೆ ಕೃತಿಗಳ ಸ್ವರೂಪವನ್ನು ನೋಡಿದರೆ ಛಲಕ್ಕಿಂತ ಹೆಚ್ಚಿನದೇನೋ ಕಾಣುತ್ತದೆ. 1976ರಲ್ಲಿ ಬಂದ ‘ಮೃತ್ಯುಂಜಯ’ ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನ ಈಜಿಪ್ಟಿನಲ್ಲಿ ನಡೆಯುವ ಬೃಹತ್ ಕಾದಂಬರಿ. ‘ಚಿರಸ್ಮರಣೆ’ಯ ಲೇಖಕನಿಗೆ ಕಯ್ಯೂರಿನ ನೆಲವೂ ಜನವೂ ಹತ್ತಿರವಿದ್ದವು, ‘ಮೃತ್ಯುಂಜಯ’ದ ಲೇಖಕನಿಗೆ ಎದುರಿಗಿದ್ದುದು ಪುಸ್ತಕಗಳು. ಓಡಾಟ ನಿಂತಾಗ ಕಾದಂಬರಿ ಇನ್ನೂ ದೂರ ಹೋಯಿತು. ಇದನ್ನು ನೇರ ಕಾರ್ಯಕಾರಣವೆಂದು ಸಾಧಿಸಲು ನಾನು ಹೊರಟಿಲ್ಲ. ಅರಸನ ವಿರುದ್ಧ ನಿಲ್ಲುವ ರೈತ ಮೆನೆಪ್ಟಾನ ಕಥೆಯಲ್ಲಿ ಹಳೆಯ ರಾಜಕೀಯ ನಿಷ್ಠೆಯೇ ಮುಂದುವರಿದಿದೆ. ಆದರೆ ಆ ನಿಷ್ಠೆಗೆ ದೊರೆತ ಹೊಸ ಭೂಗೋಳ ಕೋಣೆಯೊಂದರಿಂದ ತಲುಪಬಹುದಾದದ್ದು.

ಅದಕ್ಕಿಂತ ಮುಖ್ಯವಾದದ್ದು ‘ವಿಶ್ವಕಥಾಕೋಶ’. ನವಕರ್ನಾಟಕ ಪ್ರಕಾಶನಕ್ಕಾಗಿ 1980ರಿಂದ 1982ರ ಅವಧಿಯಲ್ಲಿ ನಿರಂಜನರು ಸಂಪಾದಿಸಿದ 25 ಸಂಪುಟಗಳು. ನಮ್ಮ ವಿಮರ್ಶೆ ಸಂಪಾದನೆಯನ್ನು ಸೃಜನಶೀಲತೆಯ ಕೆಳಗಿನ ಮೆಟ್ಟಿಲಲ್ಲಿ ಕೂಡಿಸುವುದರಿಂದ ಈ ಮಾಲೆಯ ಬಗ್ಗೆ ಪ್ರಶಂಸೆಯುಂಟು, ವಿಶ್ಲೇಷಣೆ ಕಡಿಮೆ. ಈ ಕೆಲಸದ ಸ್ವರೂಪವನ್ನು ನೋಡಿ: ಜಗತ್ತಿನ ನಾನಾ ದೇಶಗಳ ಕಥೆಗಳ ಆಯ್ಕೆ ಒಬ್ಬರದು, ಅನುವಾದ ಹಲವರದು. ಒಂದು ದೇಹದ ಮೇಲೆ ಪೂರ್ತಿ ಭಾರ ಬೀಳದಂತೆ ಹಂಚಿಕೊಂಡು, ಸಂಪುಟ ಸಂಪುಟವಾಗಿ ಮುಗಿಸಬಹುದಾದ ಕಾರ್ಯವಿಧಾನವಿದು. ಕಾಯಿಲೆಯ ನಡುವೆಯೂ ಆದದ್ದಲ್ಲ. ಕಾಯಿಲೆಯೊಂದಿಗಿನ ಬದುಕು ಕಲಿಸಬಹುದಾದ ಸಹಕಾರದ ಮಾದರಿ. ಒಬ್ಬಂಟಿ ಪ್ರತಿಭೆಯ ಬಗ್ಗೆ ನವ್ಯ ಕಟ್ಟಿದ್ದ ಕಲ್ಪನೆಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಆ ಕಾಲದಲ್ಲಿ ಮತ್ತೊಂದಿರಲಿಲ್ಲವೇನೋ.

ಈ ಮನೆಯ ಇನ್ನೊಂದು ಮೇಜು ಅನುಪಮಾ ಅವರದು. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಅವರು ವೈದ್ಯವೃತ್ತಿ, ಕಾದಂಬರಿ, ಆರೋಗ್ಯ ಸಾಹಿತ್ಯ, ಮಕ್ಕಳ ಸಾಹಿತ್ಯ, ಇಬ್ಬರು ಹೆಣ್ಣುಮಕ್ಕಳು, 1971ರ ನಂತರ ಗಂಡನ ಕಾಯಿಲೆ, ಮುಂದೆ ತಮ್ಮದೇ ಕ್ಯಾನ್ಸರ್, ಇವೆಲ್ಲವನ್ನೂ ಒಂದೇ ಬದುಕಿನಲ್ಲಿ ಕಂಡವರು. 1991ರಲ್ಲಿ ಕ್ಯಾನ್ಸರಿನಿಂದಲೇ ನಿಧನರಾದರು. ನಿರಂಜನರ ‘ಛಲ’ವನ್ನು ಹೊಗಳುವ ಎಷ್ಟೋ ಬರಹಗಳಲ್ಲಿ ಅನುಪಮಾ ‘ಸೇವೆ’ ಮಾಡಿದವರಾಗಿ ಬರುತ್ತಾರೆ. ಗಂಡನಿಗೆ ಛಲ, ಹೆಂಡತಿಗೆ ಸೇವೆ ಎಂಬ ಈ ಹಂಚಿಕೆ ಅವರ ಓದುಗರಾದ ನಮ್ಮದೇ ಹೊರತು ಅವರ ಕೃತಿಗಳದ್ದಲ್ಲ.

ಅನುಪಮಾ ಅವರ ‘ದಿನಕ್ಕೊಂದು ಕಥೆ’ಯನ್ನು ತೆಗೆದುಕೊಳ್ಳಬಹುದು. ಹನ್ನೆರಡು ತಿಂಗಳಿಗೆ ಹನ್ನೆರಡು ಪುಸ್ತಕ, ದಿನಕ್ಕೆ ಒಂದು ಕಥೆ. ಮಲಗುವ ಮುನ್ನ ಮಗು ಕಥೆ ಕೇಳುವ ಆ ಕಾಲು ಗಂಟೆಯ ಅಳತೆಗೆ ಕತ್ತರಿಸಿದ ಪ್ರಕಾರವಿದು. ಇದೇ ರೀತಿ ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಗಳಂಥ ಪುಸ್ತಕಗಳು ರೋಗಿ ಮತ್ತು ವೈದ್ಯೆಯ ನಡುವಿನ ಸಂಭಾಷಣೆಯನ್ನು ಮನೆಮನೆಯ ಕಪಾಟಿಗೆ ತಲುಪಿಸಿದವು. ನಮ್ಮ ಊರಿನ ಕಡೆಯ ಅನೇಕ ಮನೆಗಳಲ್ಲಿ ಕಾದಂಬರಿಗಾರ್ತಿ ಅನುಪಮಾ ಅಪರಿಚಿತರು, ‘ತಾಯಿ-ಮಗು’ ಬರೆದ ಡಾಕ್ಟರಮ್ಮ ಪರಿಚಿತರು. ‘ಮಾಧವಿ’ಯಲ್ಲಿ ಇವೆರಡೂ ಕೂಡುತ್ತವೆ. ಗುರುದಕ್ಷಿಣೆಯ ಕುದುರೆಗಳಿಗಾಗಿ ರಾಜರಿಂದ ರಾಜರಿಗೆ ಒಪ್ಪಿಸಲ್ಪಟ್ಟು, ಹೆತ್ತ ಮಗುವನ್ನು ಪ್ರತಿಬಾರಿಯೂ ಬಿಟ್ಟು ಹೊರಡಬೇಕಾದ ಯಯಾತಿಯ ಮಗಳ ಪುರಾಣಕಥೆಯನ್ನು ದೇಹದ ಕಡೆಯಿಂದ ನೋಡಲು ಹೆರಿಗೆಗಳನ್ನು ಕಣ್ಣಾರೆ ಕಂಡ ಲೇಖಕಿಯೇ ಬೇಕಾಯಿತು. ಪುರಾಣದಲ್ಲಿ ಮಾಧವಿಗೆ ಪ್ರತಿ ಹೆರಿಗೆಯ ನಂತರ ಕನ್ಯತ್ವ ಮರಳುವ ವರವಿದೆ. ಏನೂ ಆಗಲೇ ಇಲ್ಲವೆಂಬಂತೆ ದೇಹ ಮೊದಲಿನಂತಾಗುತ್ತದೆ. ದೀರ್ಘಕಾಲದ ಕಾಯಿಲೆಯವರ ಬಳಿ ಸಮಾಜ ಬಯಸುವುದೂ ಹೆಚ್ಚುಕಡಿಮೆ ಇದೇ ವರವನ್ನು.

4

ಈ ಟಿಪ್ಪಣಿಗಳ ಹಿಂದಿರುವ ನನ್ನ ಸ್ಥಾನವನ್ನು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ನಾನು ಇಟಗಿಯಲ್ಲಿ ನೆಲೆಸಿ ಸಂಶೋಧನೆ ಮಾಡುತ್ತಿರುವವಳು. ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿದ ಊರು. 1112ರ ಮಹಾದೇವ ದೇವಾಲಯ ನೋಡಲು ಬರುವವರಿಗೆ ಈ ಊರು ಗೊತ್ತು. ಕಥೆ ಬರೆಯುತ್ತೇನೆ, ಮೂರು ವರ್ಷದ ಮಗನಿದ್ದಾನೆ, ಐದು ವರ್ಷಗಳಿಂದ ಆಮವಾತವಿದೆ. ವೈದ್ಯರು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುತ್ತಾರೆ. ಬೆಳಿಗ್ಗೆ ಎದ್ದಾಗ ಬೆರಳುಗಳು ಮಡಚುವುದಿಲ್ಲ. ಒಂಬತ್ತರ ಹೊತ್ತಿಗೆ ಬಿಸಿನೀರಿನಿಂದ ಸಡಿಲವಾಗುತ್ತವೆ, ಆಗ ಮಗ ಎಚ್ಚರವಾಗಿರುತ್ತಾನೆ. ಅವನು ಮಲಗಿದಾಗ ಬೆರಳು ಮತ್ತೆ ಬಿಗಿಯುತ್ತದೆ. ನನ್ನ ಕಥೆಗಳು ಚಿಕ್ಕವಾಗುತ್ತ ಬಂದಿರುವುದನ್ನು ಒಬ್ಬ ಸಂಪಾದಕರು ‘ಶೈಲಿಯ ಬಿಗಿ’ ಎಂದು ಮೆಚ್ಚಿದರು. ಬಿಗಿ ಇದ್ದದ್ದು ಬೆರಳಿನ ಗೆಣ್ಣುಗಳಲ್ಲಿ.

ಸಂಶೋಧನೆಯ ನಿಯಮಗಳ ಕಡೆಗೂ ಒಮ್ಮೆ ನೋಡಬೇಕು. ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿ ಆರು ವರ್ಷಗಳ ಗರಿಷ್ಠ ಅವಧಿಯನ್ನೂ ಮರುನೋಂದಣಿಯ ಅವಕಾಶವನ್ನೂ ಕೊಟ್ಟು, ಮಹಿಳೆಯರಿಗೆ ಹಾಗೂ ಶೇಕಡ 40ಕ್ಕಿಂತ ಹೆಚ್ಚು ಅಂಗವೈಕಲ್ಯವುಳ್ಳವರಿಗೆ ಇನ್ನೂ ಎರಡು ವರ್ಷಗಳ ಸಡಿಲಿಕೆ ನೀಡುತ್ತದೆ. ಮಹಿಳೆಯರಿಗೆ 240 ದಿನಗಳವರೆಗಿನ ಹೆರಿಗೆ ಅಥವಾ ಶಿಶುಪಾಲನಾ ರಜೆಯೂ ಇದೆ. ಸ್ವಾಗತಾರ್ಹವೇ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳಲ್ಲಿ ಆಮವಾತಕ್ಕೆ ಪ್ರತ್ಯೇಕ ಹೆಸರಿಲ್ಲ. ಚಲನೆಯ ವೈಕಲ್ಯವಾಗಿ ಅಳೆಸಿಕೊಳ್ಳಬೇಕು. ಅಳತೆಯ ದಿನ ಕೈ ಚೆನ್ನಾಗಿದ್ದರೆ ಶೇಕಡಾವಾರು ಇಳಿಯುತ್ತದೆ. ಮಹಿಳೆಯೆಂಬ ಕಾರಣಕ್ಕೆ ನನಗೆ ಸಮಯ ಸಿಗುತ್ತದೆ, ಕಾಯಿಲೆಯವಳೆಂಬ ಕಾರಣಕ್ಕೆ ಸಿಗುವುದು ಅನುಮಾನ. ಇದೇ ಕಾಯಿಲೆಯ ಪುರುಷ ಸಂಶೋಧಕನಿಗೆ ಅದೂ ಇಲ್ಲ. ಏರಿಳಿಯುವ ದೇಹಕ್ಕೆ ಕಾಯ್ದೆಯಲ್ಲಿ ಸಿಗದ ಕಲಮು ನಮ್ಮ ಸಾಹಿತ್ಯ ಚರಿತ್ರೆಯಲ್ಲೂ ಸಿಕ್ಕಿಲ್ಲ. ಅಲ್ಲಿಯೂ ಸಾವಿಗೆ ಅಧ್ಯಾಯವಿದೆ, ಆರೋಗ್ಯಕ್ಕೆ ಅಧ್ಯಾಯವಿದೆ.

ಕೈ ಹೆಚ್ಚು ನೊಂದ ದಿನ ನಮ್ಮ ಅತ್ತೆ “ರೊಟ್ಟಿ ನಾ ಬಡೀತೀನಿ, ನೀ ಬರಿ ಹೋಗು” ಎನ್ನುತ್ತಾರೆ. ಅವರ ಮೊಣಕಾಲಿನ ನೋವು ನನ್ನ ಬೆರಳುಗಳಿಗಿಂತ ಹಳೆಯದು. ಅವರು ಒಲೆಯ ಮುಂದೆ ಕುಳಿತು ಏಳಲು ಗೋಡೆ ಹಿಡಿಯುತ್ತಾರೆ. ನಾಳೆ ನನ್ನ ಪುಸ್ತಕಕ್ಕೆ ಮುನ್ನುಡಿ ಬರೆಯುವವರು ‘ಅನಾರೋಗ್ಯದ ನಡುವೆಯೂ’ ಎಂದರೆ ಅದು ಯಾರ ಅನಾರೋಗ್ಯವೆಂದು ಕೇಳಬೇಕಾಗುತ್ತದೆ. ಮುದ್ದಣನ ಹೆಂಡತಿ ಕಮಲೆ ಮನೋರಮೆಯಾಗಿಯಾದರೂ ಪಠ್ಯದೊಳಗೆ ಬಂದಳು. ಹಸ್ತಪ್ರತಿಯ ಬೇರೆ ಬೇರೆ ಕೈಬರಹಗಳು, ಅರ್ಪಣೆಯ ಪುಟ, ಮುದ್ರಣದ ಕರಡು ತಿದ್ದಿದವರು, ಔಷಧದ ಚೀಟಿಯ ಹಿಂದೆ ಬರೆದ ಸಾಲು, ಇವುಗಳನ್ನು ನಾವು ಇದುವರೆಗೆ ಗ್ರಂಥಸಂಪಾದನೆಯ ಪರಿಕರಗಳಾಗಿ ಮಾತ್ರ ಬಳಸಿದ್ದೇವೆ. ಆಧುನಿಕ ಲೇಖಕರ ವಿಷಯದಲ್ಲಿ ಇವು ಮನೆಯ ದುಡಿಮೆಯ ದಾಖಲೆಗಳೂ ಹೌದು, ಮತ್ತು ಅವುಗಳನ್ನು ಕಂಡ ಮನೆಮಂದಿ ಇನ್ನೂ ಇರುವಾಗಲೇ ಸಂಗ್ರಹಿಸಬೇಕಾದವು.

ಈ ಲೇಖನದ ಮೂರನೆಯ ಭಾಗವನ್ನು ನಾನು ಮೊಬೈಲಿಗೆ ಬಾಯಿಯಿಂದ ಹೇಳಿ ಬರೆಸಿದೆ. ಅದು ‘ಮೆನೆಪ್ಟಾ’ನನ್ನು ನಾಲ್ಕು ಸಲ ‘ಮನೆ ಪಟ್ಟ’ ಎಂದು ಮಾಡಿತು. ಕೂತು ತಿದ್ದಿಕೊಟ್ಟವಳು ಪಿಯುಸಿ ಓದುತ್ತಿರುವ ನನ್ನ ನಾದಿನಿ.